ಎರಡು ಸಲ ಸುಟ್ಟ ಟಿಸಿನ 12 ಅಡಿ ಆಚೆ ಇಟ್ಟೆ, ಆಮೇಲೆ ಸುಡ್ಲಿಲ್ಲ: ನನ್ನ ಅನುಭವ

ಟಿಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್, ಚಿಕ್ಕದಾಯ್ತು, 500 ಕೆವಿಎ (ಟಿಸಿ ಎಷ್ಟು ಲೋಡ್ ಹೊರುತ್ತೆ ಅನ್ನೋ ಅಳತೆ) ಹಾಕ್ಸಿ ಅಂತ ನಾಲ್ಕು ಜನ ಕಾಂಟ್ರಾಕ್ಟರ್‌ಗಳು ಕೊಟೇಶನ್ ಕೊಟ್ಟಿದ್ರು. ಬೇಡ, ಇದೇ ಇರ್ಲಿ, ಇದನ್ನೇ ಎತ್ತಿ ಆಚೆ ಇಡ್ತೀನಿ ಅಂದೋನು ನಾನೊಬ್ನೇ. ನಕ್ರು. ಅದಾಗಿ ನಾಲ್ಕು ಬೇಸಿಗೆ ಕಳೀತು, ಅದೇ ಟಿಸಿ ನಡೀತಿದೆ, ಅದಕ್ಕೇ ಈಗ ಬರೀತಿದೀನಿ.

ಜಾಗ ಬೆಂಗಳೂರಿನ ಪೀಣ್ಯ ಸೆಕೆಂಡ್ ಸ್ಟೇಜ್, ಫ್ಯಾಬ್ರಿಕೇಶನ್ ಪ್ಲಸ್ ಪೌಡರ್ ಕೋಟಿಂಗ್ ಮಾಡೋ ಯೂನಿಟ್. 11 ಕೆವಿ ಎಚ್‌ಟಿ (ಹೈ ಟೆನ್ಷನ್, 11 ಸಾವಿರ ವೋಲ್ಟ್) ಕನೆಕ್ಷನ್, ಸ್ವಂತ 250 ಕೆವಿಎ ಟಿಸಿ. ನಾನು ಕೈ ಹಾಕೋಕ್ಕೆ ಮುಂಚೆ ಮೂರು ವರ್ಷದಲ್ಲಿ ಎರಡು ಸಲ ಸುಟ್ಟಿತ್ತು, ಒಂದ್ಸಲ ಮೇ ತಿಂಗಳ ಮೊದಲ ಮಳೆ ಬಂದ ವಾರ, ಇನ್ನೊಂದ್ಸಲ ಅಕ್ಟೋಬರ್‌ನಲ್ಲಿ. ಪ್ರತಿ ಸಲ ರಿವೈಂಡಿಂಗ್‌ಗೆ 1.4 ಲಕ್ಷದ ಹತ್ರ, ಜೊತೆಗೆ ಹತ್ತು ಹನ್ನೆರಡು ದಿನ ಫ್ಯಾಕ್ಟರಿ ಡೀಸೆಲ್ ಮೇಲೆ. ಆ ಡೀಸೆಲ್ ಬಿಲ್ ಹೇಳುವಾಗ ಓನರ್ ಮುಖ ನೋಡ್ಬೇಕಿತ್ತು.

ನನಗೆ ಮೊದಲು ಅನುಮಾನ ಬಂದಿದ್ದು ಕರೆಂಟ್ ಬಿಲ್ ನೋಡಿ. ಎಂಡಿ (ತಿಂಗಳಲ್ಲಿ ಎಳೆದ ಅತಿ ಹೆಚ್ಚು ಲೋಡ್) 180 ಕೆವಿಎ ದಾಟೇ ಇಲ್ಲ. 250ರ ಟಿಸಿ ಮೇಲೆ 180 ಲೋಡ್ ಇದ್ದಾಗ ಅದು ಯಾಕ್ರೀ ಸುಡುತ್ತೆ? ರಿವೈಂಡಿಂಗ್ ಅಂಗಡಿಗೆ ಹೋಗಿ ಹಳೇ ಕಾಯಿಲ್ ತೋರ್ಸಿ ಅಂದೆ, ಗುಜರಿಗೆ ಹಾಕಿಲ್ಲ ಸದ್ಯ, ಮೂಲೇಲಿ ಬಿದ್ದಿತ್ತು. ಮೂರು ಫೇಸ್‌ಗೆ ಆರ್, ವೈ, ಬಿ ಅಂತೀವಿ; ಆರ್ ಫೇಸ್ ಕಾಯಿಲ್ ಇದ್ದಿಲು ಥರ, ಪೇಪರ್ ಮುಟ್ಟಿದ್ರೆ ಪುಡಿ, ವೈ ಮತ್ತೆ ಬಿ ಕಂದು ಬಣ್ಣ ಅಷ್ಟೇ. ಹೋದ ಸಲಾನೂ ಇದೇ ಲಿಂಬ್ (ಒಂದು ಫೇಸ್‌ನ ಕಾಯಿಲ್ ಕೂರೋ ಕಂಬ) ಹೋಗಿತ್ತಾ ಅಂದೆ. ಅಂಗಡಿ ಹುಡುಗ "ಹೌದಣ್ಣ, ಆದ್ರೆ ಅದು ಲಕ್" ಅಂದ. ಒಂದೇ ಲಿಂಬ್ ಎರಡು ಸಲ ಹೋದ್ರೆ ಅದು ಲಕ್ ಅಲ್ಲ.

ಒಂದು ವಾರ ಟಾಂಗ್ ಟೆಸ್ಟರ್ (ಕೇಬಲ್ ಸುತ್ತ ಹಿಡಿದು ಕರೆಂಟ್ ಅಳೆಯೋ ಮೀಟರ್) ಹಿಡ್ಕೊಂಡು ಕೂತೆ, ಬೆಳಿಗ್ಗೆ 8, ಮಧ್ಯಾಹ್ನ 3, ಸಂಜೆ 7, ರಾತ್ರಿ 11. ಸಂಜೆ 7ಕ್ಕೆ ಆರ್ 385 ಆಂಪ್ಸ್, ವೈ 180, ಬಿ 155 ಹತ್ರ ಹತ್ರ. ಈ ಟಿಸಿಯ ಫುಲ್ ಲೋಡ್ ಕರೆಂಟೇ ಫೇಸ್‌ಗೆ 333. ನ್ಯೂಟ್ರಲ್‌ನಲ್ಲಿ 220ಕ್ಕೂ ಜಾಸ್ತಿ. ಹಿಂದೆ ಶೆಡ್ ಎಕ್ಸ್‌ಟೆಂಡ್ ಮಾಡುವಾಗ ಯಾರೋ ಪುಣ್ಯಾತ್ಮ ಕೇಬಲ್ ಉಳಿಸೋಕೆ ಓವನ್‌ನ ಎಕ್ಸ್‌ಟ್ರಾ ಹೀಟರ್, ಆಫೀಸ್ ಎಸಿ, ಕ್ಯಾಂಟೀನ್ ಎಲ್ಲಾ ತಗೊಂಡೋಗಿ ಆರ್ ಫೇಸ್‌ಗೇ ಕಟ್ಟಿದಾನೆ. ಎಂಡಿ ಮೀಟರ್ ಮೂರೂ ಫೇಸ್ ಸೇರಿಸಿ ಲೆಕ್ಕ ಕೊಡೋದು, ಅದಕ್ಕೆ ಬಿಲ್‌ನಲ್ಲಿ ಎಲ್ಲಾ ತಣ್ಣಗೆ ಕಾಣ್ತಿತ್ತು. ಎಲ್‌ಟಿ (ಲೋ ಟೆನ್ಷನ್) ಸೈಡ್ ಎಂಸಿಸಿಬಿ, ಅಂದ್ರೆ ಓವರ್‌ಲೋಡ್‌ಗೆ ಟ್ರಿಪ್ ಆಗೋ ಬ್ರೇಕರ್, 400 ಆಂಪ್ಸ್, ಸೆಟ್ಟಿಂಗ್ ಫುಲ್, 385ಕ್ಕೆ ಅದು ಯಾಕೆ ಟ್ರಿಪ್ ಆಗುತ್ತೆ? ಇನ್ನು ಡಿಓನಲ್ಲಿ (ಎಚ್‌ಟಿ ಕಡೆಯ ಡ್ರಾಪ್ ಔಟ್ ಫ್ಯೂಸ್) ಫ್ಯೂಸ್ ವೈರ್ ಬದಲು ಅಲ್ಯೂಮಿನಿಯಂ ಕಂಡಕ್ಟರ್‌ನ ಎಳೆ ಎರಡು ಸುತ್ತಿದ್ರು. ಎಚ್‌ಟಿ ಫುಲ್ ಲೋಡ್ ಬರೀ 13 ಆಂಪ್ಸ್, ಆ ಎಳೆ ಟಿಸಿ ಪೂರ್ತಿ ಬೆಂದ್ರೂ ಹೋಗಲ್ಲ.

ಜಾಗ ಇನ್ನೂ ಘೋರ. ಕಾಂಪೌಂಡ್ ಮೂಲೆ, ಮೂರು ಕಡೆ ಗೋಡೆ, ಗೋಡೆಗೂ ಟಿಸಿಯ ಫಿನ್‌ಗೂ (ಬಿಸಿ ಹೊರಗೆ ಬಿಡೋ ತಗಡು) ಒಂದಡಿ ಗ್ಯಾಪು. ಮೂರು ಕಡೆ ಗೋಡೆ ಇದ್ರೆ ಒಂದು ಮೀಟರ್ ಬಿಡ್ಬೇಕು ಅಂತ ಐಎಸ್ 10028 (ಟಿಸಿ ಕೂರ್ಸೋದರ ಇಂಡಿಯನ್ ಸ್ಟ್ಯಾಂಡರ್ಡ್) ಹೇಳುತ್ತೆ. ಮೇಲೆ ಮಳೆ ಬೀಳಬಾರ್ದು ಅಂತ ಶೀಟ್ ಹೊದಿಸಿದ್ರು, ಬಿಸಿಗಾಳಿ ಅಲ್ಲೇ ಸುತ್ತುತ್ತೆ. ಡಿಜಿ (ಡೀಸೆಲ್ ಜನರೇಟರ್) ರೇಡಿಯೇಟರ್‌ನ ಬಿಸಿ ಸೀದಾ ಟಿಸಿ ಮೇಲೆ ಬರುತ್ತೆ. ಇದೆಲ್ಲದರ ಮೇಲೆ ಕೋಟಿಂಗ್ ಬೂತ್‌ನಿಂದ ಬಂದ ಪೌಡರ್ ಫಿನ್‌ಗೆ ಅಂಟಿ ಕಂಬಳಿ ಹೊದ್ದಂಗೆ ಕೂತಿತ್ತು, ಉಗುರಲ್ಲಿ ಕೆರೆದ್ರೆ ಪದರ ಪದರ ಬರೋದು. ಏಪ್ರಿಲ್ ಸಂಜೆ ಟಿಸಿ ಒಳಗಿನ ಆಯಿಲ್ ಟೆಂಪರೇಚರ್ 88 ಡಿಗ್ರಿ.

ನಮ್ಮ ಗುರುಗಳು ಎನ್‌ಜಿಇಎಫ್‌ನಲ್ಲಿ, ಅದೇ ಟ್ರಾನ್ಸ್‌ಫಾರ್ಮರ್ ಮಾಡ್ತಿದ್ದ ಬೈಯಪ್ಪನಹಳ್ಳಿ ಫ್ಯಾಕ್ಟರಿ, ವೈಂಡಿಂಗ್ ಸೆಕ್ಷನ್‌ನಲ್ಲಿದ್ದೋರು. "ಟಿಸಿ ಹಸು ಇದ್ದಂಗೆ ಕಣೋ, ಮೇವು ಜಾಸ್ತಿ ಆಗಿ ಸಾಯೋದು ಕಮ್ಮಿ, ಕೊಟ್ಟಿಗೆ ಸರಿ ಇಲ್ದೆ ಸಾಯೋದೇ ಜಾಸ್ತಿ" ಅಂತಿದ್ರು. ಅವಾಗ ನಗ್ತಿದ್ದೆ.

ಈಗ ನನ್ನ ತಪ್ಪುಗಳು. ಮೊದಲು ಜಾಗ ಬದಲಾಯಿಸದೇ ತಣ್ಣಗೆ ಮಾಡೋಣ ಅಂತ ಹೋದೆ. ಪಕ್ಕದಲ್ಲಿ ಪೆಡಸ್ಟಲ್ ಫ್ಯಾನ್ ಇಟ್ಟೆ, ನಾಲ್ಕೈದು ಡಿಗ್ರಿ ಇಳೀತು, ಮೂರು ವಾರಕ್ಕೆ ಫ್ಯಾನ್ ಸತ್ತೋಯ್ತು. ಆಮೇಲೆ ಫಿನ್ ಪೂರ್ತಿ ಕೆರೆಸಿ ಅಲ್ಯೂಮಿನಿಯಂ ಪೇಂಟ್ ಹೊಡೆಸಿದೆ, ಮಿರಮಿರ ಅಂತ ಚೆನ್ನಾಗಿ ಕಾಣ್ತಿತ್ತು, ಆದ್ರೆ ರಾತ್ರಿ ಹೊತ್ತು ಎರಡು ಡಿಗ್ರಿ ಜಾಸ್ತಿನೇ ಆಯ್ತು! ಮಿರುಗೋ ಪೇಂಟ್ ಒಳಗಿನ ಬಿಸಿ ಹೊರಗೆ ಬಿಡೋದು ಕಮ್ಮಿ ಅಂತ ಆಮೇಲೆ ಅರ್ಥ ಆಯ್ತು, ಮತ್ತೆ ಗ್ರೇ ಹೊಡೆಸಿದೆ, 3,500 ರೂಪಾಯಿ ನನ್ನ ಜೇಬಿಂದ.

ಆಯಿಲ್ ಸ್ಯಾಂಪಲ್‌ನಲ್ಲೂ ಮರ್ಯಾದೆ ಹೋಯ್ತು. ಅರ್ಜೆಂಟ್‌ನಲ್ಲಿ ನೀರಿನ ಬಾಟ್ಲಿ ಖಾಲಿ ಮಾಡಿ ಅದ್ರಲ್ಲೇ ಹಿಡ್ಕೊಂಡು ಹೋದೆ. ಬಿಡಿವಿ (ಆಯಿಲ್ ಎಷ್ಟು ಸಾವಿರ ವೋಲ್ಟ್ ತಡ್ಕೊಳುತ್ತೆ ಅನ್ನೋ ಟೆಸ್ಟ್) 12 ಬಂತು. ಲ್ಯಾಬ್‌ನವ್ರು ಬಾಟ್ಲಿ ನೋಡಿ ಎಲ್ಲರ ಮುಂದೆ ಬೈದ್ರು, ಸರಿಯಾಗೇ ಬೈದ್ರು. ಒಣಗಿಸಿದ ಗಾಜಿನ ಬಾಟ್ಲಿಲಿ, ಕೆಳಗಿನ ವಾಲ್ವ್‌ನಿಂದ ಮೊದಲು ಒಂದು ಲೀಟರ್ ಚೆಲ್ಲಿ ಆಮೇಲೆ ಹಿಡಿದಾಗ 21 ಬಂತು. ಅದೂ ಕೆಟ್ಟದ್ದೇ, 30ರ ಕೆಳಗೆ ಅಂದ್ರೆ ನನ್ನ ಲೆಕ್ಕದಲ್ಲಿ ಫಿಲ್ಟರ್ ಮಾಡ್ದೆ ಚಾರ್ಜ್ ಮಾಡೋ (ಲೈನ್ ಕೊಟ್ಟು ಚಾಲೂ ಮಾಡೋ) ಹಂಗಿಲ್ಲ. ನೀರು ಎಲ್ಲಿಂದ ಬಂತು ಅಂದ್ರೆ ಬ್ರೀದರ್ (ಟಿಸಿ ಎಳ್ಕೊಳೋ ಗಾಳಿಯ ತೇವ ಹೀರೋ ಡಬ್ಬಿ) ಜೆಲ್ ನೀಲಿ ಹೋಗಿ ಪೂರ್ತಿ ಪಿಂಕ್, ಅಂದ್ರೆ ತೇವ ತುಂಬಿದೆ, ಕೆಳಗಿನ ಕಪ್‌ನಲ್ಲಿ ಆಯಿಲ್ ಒಂದು ತೊಟ್ಟೂ ಇಲ್ಲ. ಹಗಲು ಬಿಸಿ ಆಗಿ ಗಾಳಿ ಬಿಡುತ್ತೆ, ರಾತ್ರಿ ಮಳೇಲಿ ತಣ್ಣಗಾಗಿ ತೇವ ಎಳ್ಕೊಳುತ್ತೆ. ಮೇ ಮತ್ತೆ ಅಕ್ಟೋಬರ್‌ನಲ್ಲೇ ಯಾಕೆ ಸುಟ್ಟಿದ್ದು ಅಂತ ಅವಾಗ ಹೊಳೀತು.

ಜೆಲ್ ವಿಷಯ ಬಂತಲ್ಲ, ಒಂದ್ಸಲ ಮನೇಲಿ ಹಳೇ ಬಾಣಲೇಲಿ ಹುರಿದೆ, ನೀಲಿ ಬಣ್ಣ ಚೆನ್ನಾಗೇ ವಾಪಸ್ ಬಂತು. ಮನೆಯವ್ಳು ಬಾಣಲೆ ಸಮೇತ ಆಚೆ ಎಸೆದ್ಳು. ಅವ್ಳು ಮಾಡಿದ್ದೇ ಸರಿ, ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತೆ, ಅಡುಗೆಮನೆ ಹತ್ರ ತರ್ಲೇಬಾರ್ದು. ಈಗ ಆರೆಂಜ್ ಜೆಲ್ಲೇ ತರೋದು.

ಇನ್ನು ಯಾವ ಜಾಯಿಂಟ್ ಬಿಸಿ ಆಗ್ತಿದೆ ಅಂತ ನೋಡೋಕೆ ಮೇಣದ ಬತ್ತಿ. ಥರ್ಮಲ್ ಕ್ಯಾಮೆರಾ ಬಾಡಿಗೆ ದಿನಕ್ಕೆ ನಾಲ್ಕು ಸಾವಿರ ಕೇಳಿದ್ರು, ಯಾರು ಕೊಡ್ತಾರೆ. ಭಾನುವಾರ ಶಟ್‌ಡೌನ್ ತಗೊಂಡು, ಅರ್ತ್ ಮಾಡಿ, ಎಲ್‌ಟಿ ಕೇಬಲ್ ಬಾಕ್ಸ್ ಬಿಚ್ಚಿ ನಾಲ್ಕೂ ಲಗ್ (ಕೇಬಲ್ ತುದಿಗೆ ಹಾಕೋ ಲೋಹದ ಕೊಂಡಿ) ಮೇಲೆ ಕಡ್ಲೆಕಾಯಿ ಬೀಜದಷ್ಟು ಮೇಣ ಅಂಟಿಸಿದೆ, ಬಾಕ್ಸ್ ಮುಚ್ಚಿ ಚಾರ್ಜ್ ಮಾಡಿದೆ. ಮುಂದಿನ ಭಾನುವಾರ ಬಿಚ್ಚಿದ್ರೆ ಬಿ ಫೇಸ್ ಮೇಣ ಅಂಟಿಸಿದಂಗೇ ಇದೆ, ವೈ ಸ್ವಲ್ಪ ಕೂತಿದೆ, ಆರ್‌ನಲ್ಲಿ ಮೇಣ ಇದ್ದ ಗುರುತೇ ಇಲ್ಲ, ಹೊಗೆ ಬಣ್ಣದ ಕಲೆ ಮಾತ್ರ. ನ್ಯೂಟ್ರಲ್‌ನಲ್ಲೂ ಕರಗಿ ಹರಿದಿತ್ತು, ಆ ಲಗ್ ಕೈಲಿ ಹಿಡಿದ್ರೆ ಅಲ್ಲಾಡ್ತಿತ್ತು. ನ್ಯೂಟ್ರಲ್ ಲೂಸ್ ಆದ್ರೆ ಒಂದು ಫೇಸ್‌ನಲ್ಲಿ ವೋಲ್ಟೇಜ್ ಇಳಿಯುತ್ತೆ, ಇನ್ನೊಂದ್ರಲ್ಲಿ ಏರುತ್ತೆ. ಆಫೀಸ್‌ನಲ್ಲಿ ಒಂದು ಕಡೆ ಲೈಟ್ ಮಂಕು, ಇನ್ನೊಂದು ಕಡೆ ಎಲ್ಇಡಿ ಡ್ರೈವರ್ ತಿಂಗಳಿಗೆ ಎರಡು ಹೋಗೋದು ಯಾಕೆ ಅಂತ ಉತ್ತರ ಅಲ್ಲೇ ಸಿಕ್ತು. ಅಲ್ಯೂಮಿನಿಯಂ ಲಗ್ ಸೀದಾ ಹಿತ್ತಾಳೆ ಸ್ಟಡ್ ಮೇಲೆ ಕೂರ್ಸಿದಾರೆ, ಎರಡೂ ಲೋಹಕ್ಕೆ ಹೊಂದೋ ಬೈಮೆಟಾಲಿಕ್ ಲಗ್ ಇಲ್ಲ, ಸ್ಪ್ರಿಂಗ್ ವಾಷರ್ ಇಲ್ಲ. ಆ ಬಿಸಿ ಸ್ಟಡ್ ಹಿಡ್ಕೊಂಡು ಒಳಗೆ ಹೋಗಿ ಗ್ಯಾಸ್ಕೆಟ್ ಸುಡುತ್ತೆ, ಆಯಿಲ್ ಸೋರುತ್ತೆ, ಲೆವೆಲ್ ಇಳಿಯುತ್ತೆ, ಕೊನೆಗೆ ಟಿಸಿನೇ ಸುಡುತ್ತೆ.

ಇಷ್ಟು ತೋರ್ಸಿದ್ಮೇಲೆ ಓನರ್ ಒಂದೇ ಮಾತು ಕೇಳಿದ್ರು, "ಮತ್ತೆ ಸುಟ್ರೆ ಏನ್ರೀ?" ಸುಟ್ರೆ ನನ್ನ ಲೇಬರ್ ದುಡ್ಡು ವಾಪಸ್ ಕೊಡ್ತೀನಿ ಸಾರ್ ಅಂದೆ. ಬಾಯಿಗೆ ಬಂದ್ಬಿಡ್ತು, ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಹೊಸ ಜಾಗ ಹಳೇದರಿಂದ 12 ಅಡಿ, ಒಂದೇ ಕಡೆ ಗೋಡೆ, ಡಿಜಿ ಗಾಳಿಗೆ ಬೆನ್ನು, ಬೂತ್‌ಗೆ ಅಡ್ಡ ಆಫೀಸ್ ಬಿಲ್ಡಿಂಗ್. ಪ್ಲಿಂತ್ (ಟಿಸಿ ಕೂರೋ ಕಟ್ಟೆ) ಎರಡಡಿ ಎತ್ತರ ಮಾಡಿಸಿದೆ, ಮಳೆ ಬಂದ್ರೆ ಪೀಣ್ಯದ ರಸ್ತೆ ನೀರು ಒಳಗೆ ಬರುತ್ತಲ್ಲ. ಸುತ್ತ 40 ಎಂಎಂ ಜಲ್ಲಿ, ಫೆನ್ಸಿಂಗ್, ಗೇಟಿಗೆ ಬೀಗ. ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರೇಟ್‌ನಲ್ಲಿ ಡ್ರಾಯಿಂಗ್ ಅಪ್ರೂವಲ್ ಆಗ್ದೆ ಒಂದು ಇಟ್ಟಿಗೆನೂ ಇಡ್ಲಿಲ್ಲ, ಚಾರ್ಜ್ ಮಾಡೋಕ್ಕೆ ಮುಂಚೆ ಇನ್ಸ್‌ಪೆಕ್ಷನ್ನೂ ಆಯ್ತು, ಇದ್ರಲ್ಲಿ ಶಾರ್ಟ್‌ಕಟ್ ಹುಡುಕ್ಬೇಡಿ. ಅರ್ತ್ ಪಿಟ್ ನಾಲ್ಕು, ಎರಡು ನ್ಯೂಟ್ರಲ್‌ಗೆ, ಎರಡು ಟಿಸಿಯ ಹೊರಮೈಗೆ. ಹಳೇದ್ರಲ್ಲಿ ಎರಡನ್ನೂ ಒಂದೇ ಸ್ಟ್ರಿಪ್‌ಗೆ ಕಟ್ಟಿ ಕೈ ತೊಳ್ಕೊಂಡಿದ್ರು. ನಾಲ್ಕಡಿಗೆ ಬಂಡೆ ಸಿಕ್ತು, ಬೋರ್ ಹೊಡೆಸ್ಬೇಕಾಯ್ತು.

ಲೋಡ್ ಬ್ಯಾಲೆನ್ಸಿಂಗ್‌ಗೆ ಮೂರು ಭಾನುವಾರ ಹಿಡೀತು. ಯಾವ ಫೀಡರ್ ಮೊದಲು ಎತ್ತಬೇಕು, ಯಾವುದನ್ನ ಮುಟ್ಟಬಾರ್ದು ಅನ್ನೋದಕ್ಕೆ ನಂದೊಂದು ಲೆಕ್ಕ ಇದೆ, ಅದು ಇಲ್ಲಿ ಬೇಡ. ಕಂಪ್ರೆಸರ್ ಮೋಟ್ರು ಒಂದ್ಸಲ ಉಲ್ಟಾ ತಿರುಗ್ತು, ಫೇಸ್ ಸೀಕ್ವೆನ್ಸ್ ನೋಡದೇ ನನ್ನ ಹುಡುಗ ಅದಲು ಬದಲು ಮಾಡಿದ್ದ, ಎರಡು ಸೆಕೆಂಡಲ್ಲಿ ನಿಲ್ಸಿದ್ವಿ. ಕೊನೆಗೆ 245, 230, 240. ನ್ಯೂಟ್ರಲ್ 30. ಎಂಸಿಸಿಬಿ ಸೆಟ್ಟಿಂಗ್ 320ಕ್ಕೆ ಇಳಿಸಿದೆ, ಡಿಓಗೆ ಸರಿಯಾದ ಫ್ಯೂಸ್ ಹಾಕಿದೆ.

ಭಯ ಆಗಿದ್ದು ಒಂದೇ ದಿನ, ಕ್ರೇನ್ ಬರೋ ದಿನ. ಎಲ್‌ಸಿ (ಲೈನ್ ಮೇಲೆ ಕೆಲಸ ಮಾಡೋ ಅನುಮತಿ) ಕೊಟ್ರು, ಜಿಓಎಸ್ (ಮೂರೂ ಫೇಸ್ ಒಟ್ಟಿಗೆ ಬಿಡಿಸೋ ಎಚ್‌ಟಿ ಸ್ವಿಚ್) ಹ್ಯಾಂಡಲ್ ಇಳಿಸಿದ್ವಿ, ಹುಡುಗ ಆಗ್ಲೇ ಏಣಿ ಇಡ್ತಿದ್ದ. ನನಗೆ ಮೊದಲಿಂದ ಕತ್ತೆತ್ತಿ ಮೂರು ಬ್ಲೇಡೂ ಎಣಿಸೋ ಚಟ. ಎರಡು ತೆಗೆದಿದೆ, ಮೂರನೇದು ತುಕ್ಕು ಹಿಡಿದು ಅಲ್ಲೇ ಕಚ್ಕೊಂಡಿದೆ. ಹ್ಯಾಂಡಲ್ ಮಾತ್ರ ಪೂರ್ತಿ ಕೆಳಗೆ! ಹುಡುಗನ್ನ ಅಂಗಿ ಹಿಡಿದು ಎಳೆದೆ. ಮೇಲಿಂದ ಲೈನ್ ಆಫ್ ಮಾಡಿಸಿ, ಟೆಸ್ಟ್ ಮಾಡಿ, ಡಿಸ್ಚಾರ್ಜ್ ರಾಡ್ (ಲೈನನ್ನ ಅರ್ತ್ ಮಾಡೋ ಕೋಲು) ಹಾಕಿದ್ಮೇಲೇ ಕೆಲಸ ಶುರು. ಡಿಜಿ ಬ್ಯಾಟರಿ ಕೇಬಲ್ ಕೂಡ ಬಿಚ್ಚಿ ನನ್ನ ಬ್ಯಾಗ್‌ನಲ್ಲಿ ಇಟ್ಕೊಂಡೆ, ಯಾಕಂದ್ರೆ ಚೇಂಜ್‌ಓವರ್‌ಗೆ (ಲೈನ್‌ನಿಂದ ಡಿಜಿಗೆ ಬದಲಾಯಿಸೋ ಸ್ವಿಚ್) ಎರಡೂ ಒಟ್ಟಿಗೆ ಸೇರದಂಗೆ ತಡೆಯೋ ಇಂಟರ್‌ಲಾಕ್ ಇರ್ಲಿಲ್ಲ, ಯಾರಾದ್ರೂ ಟೀ ಮಾಡೋಕೆ ಅಂತ ಡಿಜಿ ಆನ್ ಮಾಡಿದ್ರೆ ಎಲ್‌ಟಿಯಿಂದ ಹೋಗಿ ಎಚ್‌ಟಿ ಸೈಡಲ್ಲಿ 11 ಸಾವಿರ ವೋಲ್ಟ್ ಕೂತಿರುತ್ತೆ. ಆಮೇಲೆ ಫೋರ್ ಪೋಲ್ ಚೇಂಜ್‌ಓವರ್ ಹಾಕ್ಸಿದೆ, ಅದು ಬೇರೆ ಬಿಲ್.

ಖರ್ಚು ನೆನಪಿದ್ದಷ್ಟು: ಫಿಲ್ಟ್ರೇಶನ್ 16 ಸಾವಿರ, ಬಿಡಿವಿ 58ಕ್ಕೆ ಬಂತು. ಪ್ಲಿಂತ್ ಫೆನ್ಸಿಂಗ್ 38 ಸಾವಿರ, ಕ್ರೇನ್ 9, ಕೇಬಲ್ ಮತ್ತೆ ಬೈಮೆಟಾಲಿಕ್ ಲಗ್ 45, ಪಿಟ್ 28, ಬ್ಯಾಲೆನ್ಸಿಂಗ್ ಸಾಮಾನು ಕೂಲಿ 22. ಎಲ್ಲಾ ಸೇರಿ 1.6 ಲಕ್ಷದ ಒಳಗೆ. 500 ಕೆವಿಎ ಕೊಟೇಶನ್ 9 ಲಕ್ಷ ಚಿಲ್ಲರೆ ಇತ್ತು. ಬುಶಿಂಗ್ (ಸ್ಟಡ್ ಟಿಸಿಯಿಂದ ಹೊರಗೆ ಬರೋ ಕಡೆಯ ಪಿಂಗಾಣಿ) ಗ್ಯಾಸ್ಕೆಟ್ ಕೂರ್ಸುವಾಗ ಹಚ್ಚೋ ಪೇಸ್ಟ್‌ಗೆ ಏನ್ ಬೆರೆಸ್ತೀನಿ ಅಂತ ಇಬ್ರು ಫೋನ್ ಮಾಡಿ ಕೇಳಿದ್ರು, ಅದನ್ನ ಹೇಳಿದ್ರೆ ನನ್ನ ಅನ್ನಕ್ಕೆ ಕಲ್ಲು ಬೀಳುತ್ತೆ, ಬಿಡಿ.

ಈ ಏಪ್ರಿಲ್‌ನಲ್ಲಿ ಅದೇ ಸಂಜೆ 7ಕ್ಕೆ ನೋಡಿದೆ, ಆಯಿಲ್ 67. ನಕ್ಕಿದ್ದ ನಾಲ್ವರಲ್ಲಿ ಒಬ್ರು ತಮ್ಮ ಕಸ್ಟಮರ್ ಟಿಸಿ ನೋಡೋಕೆ ಕರೆದಿದ್ರು, ವಿಸಿಟಿಂಗ್ ಚಾರ್ಜ್ ಹೇಳಿದ್ಮೇಲೆ ಫೋನಿಲ್ಲ. ನಮ್ಮ ಟಿಸಿಲಿ ಬಿ ಫೇಸ್ ಬುಶಿಂಗ್ ಬುಡದಲ್ಲಿ ಸ್ವಲ್ಪ ಜಿಡ್ಡು ಕಾಣ್ತಿದೆ, ತೊಟ್ಟಿಕ್ತಿಲ್ಲ. ಆಯುಧ ಪೂಜೆಗೆ ಎರಡು ದಿನ ಫ್ಯಾಕ್ಟರಿ ರಜ ಇರುತ್ತೆ, ಅವತ್ತು ಬಿಚ್ತೀನಿ.