ಹೊಸ ಕೋಚ್ ಇರಬೇಕಾ, ಹೋಗಬೇಕಾ? ಮೀಟಿಂಗ್‌ಗೆ ಮುಂಚೆ ಮಾಡಬೇಕಾದ ಕೆಲಸ

ಟೀಮು ನಾಲ್ಕು ಮ್ಯಾಚ್ ಸೋತರೆ ಸಾಕು, ಫೋನ್ ಬರೋಕೆ ಶುರು. "ಅಣ್ಣಾ, ಆ ಕೋಚ್ ಹುಡುಗನ್ನ ತೆಗೀರಿ. ಅವನಿಗೇನು ಗೊತ್ತು?" ನಾನು ಬೆಂಗಳೂರಿನ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಸೆಕ್ರೆಟರಿ. ಬೆಳಗ್ಗೆ ಹಾರ್ಡ್‌ವೇರ್ ಅಂಗಡಿ, ಸಂಜೆ ಗ್ರೌಂಡು. ಹೊಸ ಕೋಚನ್ನು ಉಳಿಸಿಕೊಳ್ಳೋದಾ, ಕಳಿಸೋದಾ? 11 ವರ್ಷದಲ್ಲಿ ಎರಡು ಸಲ ಈ ಪ್ರಶ್ನೆ ನನ್ನ ತಲೆಗೆ ಬಂದು ಕೂತಿದೆ. ಮೊದಲನೇ ಸಲ ಕಮಿಟಿ ಮೀಟಿಂಗ್‌ನಲ್ಲಿ ಕೈ ಎತ್ತಿ ಹುಡುಗನನ್ನು ಕಳಿಸಿದೆ. ತಪ್ಪು ಮಾಡಿದೆ. ಎರಡನೇ ಸಲ ಕೈ ಎತ್ತುವ ಮುಂಚೆ ಒಂದಿಷ್ಟು ಕೆಲಸ ಮಾಡಿದೆ. ಆ ಕೆಲಸ ಏನು ಅಂತ ಹೇಳ್ತೀನಿ. ನಿಮ್ಮದು ಕಾಲೇಜ್ ಟೀಮಾದರೂ ಸರಿ, ಏರಿಯಾ ಕ್ಲಬ್ಬಾದರೂ ಸರಿ. ಟಿವಿ ಮುಂದೆ ಕೂತು ಬೈಯುವವರಿಗೂ ಬೇಕಾಗಬಹುದು.

ಮೊದಲು ಪಾಯಿಂಟ್ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿ. ಒಂದು 40 ಪುಟದ ನೋಟ್‌ಬುಕ್ ತಗೊಳ್ಳಿ. ಇಲ್ಲಿಯವರೆಗೆ ಬಿಟ್ಟುಕೊಟ್ಟ ಗೋಲುಗಳನ್ನೆಲ್ಲ ಒಂದೊಂದಾಗಿ ಬರೆಯಿರಿ: ಯಾವ ನಿಮಿಷ, ಬಾಲ್ ಯಾವ ಕಡೆಯಿಂದ ಬಂತು, ಯಾರು ಯಾರನ್ನು ಮಾರ್ಕ್ ಮಾಡಬೇಕಿತ್ತು (ಬೆನ್ನು ಹತ್ತಿ ಕಾಯಬೇಕಿತ್ತು), ತಪ್ಪು ಎಲ್ಲಿ ಶುರುವಾಯಿತು. ವಿಡಿಯೊ ಇಲ್ಲದಿದ್ದರೆ ಗೋಲ್‌ಕೀಪರ್‌ನನ್ನು ಕೇಳಿ. ಗೋಲ್‌ಕೀಪರ್ ಯಾವ ಗೋಲನ್ನೂ ಮರೆಯಲ್ಲ.

ಮೊದಲನೇ ಸಲ ನಾನು ಈ ಲೆಕ್ಕ ಹಾಕಿದ್ದು ಎಲ್ಲ ಮುಗಿದ ಮೇಲೆ. ನಮ್ಮ ಆಟಗಾರನೊಬ್ಬನ ತಮ್ಮ ಪ್ರತಿ ಮ್ಯಾಚನ್ನೂ ಫೋನಿನಲ್ಲಿ ಹಿಡಿದಿಟ್ಟಿದ್ದ. ಕೆಳಗಿನ ಡಿವಿಷನ್‌ಗೆ ಇಳಿದ ಮೇಲೆ ಒಂದು ಭಾನುವಾರ ಸುಮ್ನೆ ಕೂತು ನೋಡಿದೆ. ಮೊದಲ ಐದು ಮ್ಯಾಚಿನಲ್ಲಿ 11 ಗೋಲು ಬಿಟ್ಟುಕೊಟ್ಟಿದ್ದೆವು. ಅದರಲ್ಲಿ 6 ಒಂದೇ ಥರ: ನಮ್ಮ ಎಡಗಡೆಯಿಂದ ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಬರುವ ಬಾಲ್), ಗೋಲಿನ ಆಚೆ ಪೋಸ್ಟ್ ಹತ್ತಿರ ಅವರ ಒಬ್ಬ ಆರಾಮಾಗಿ ನಿಂತಿರುತ್ತಿದ್ದ. ಮುಂದಿನ ಐದು ಮ್ಯಾಚಿನಲ್ಲಿ 8 ಗೋಲು. ಆ ಥರದ್ದು ಒಂದೇ ಒಂದು. ಅಂದರೆ ಹುಡುಗ ಆ ತೂತು ಮುಚ್ಚಿದ್ದ! ಉಳಿದವುಗಳಲ್ಲಿ 4 ಗೋಲು ಗೋಲ್‌ಕೀಪರ್ ಪಕ್ಕದವನಿಗೆ ಚಿಕ್ಕ ಪಾಸ್ ಕೊಟ್ಟು ಆಟ ಕಟ್ಟಲು ಹೋದಾಗ ಬಿದ್ದದ್ದು. ಅದು ಅವನು ಹೊಸದಾಗಿ ಕಲಿಸುತ್ತಿದ್ದ ಪಾಠ. ಕಲಿಯುವಾಗ ಎಡವುತ್ತಾರೆ, ಅಲ್ವಾ? ಆದರೆ ಮೊದಲ ಐದು ಮ್ಯಾಚಿಗೆ 4 ಪಾಯಿಂಟ್, ನಂತರದ ಐದಕ್ಕೆ 3. ಪಟ್ಟಿ ನೋಡಿದರೆ ಕೆಳಗೆ ಹೋಗುತ್ತಿದ್ದೇವೆ ಅನಿಸುತ್ತಿತ್ತು. ಕಮಿಟಿಯಲ್ಲಿದ್ದ ಏಳು ಜನರೂ ಪಟ್ಟಿಯನ್ನೇ ನೋಡಿದೆವು.

ಹಾಗಾಗಿ ನೋಟ್‌ಬುಕ್‌ನಲ್ಲಿ ಹುಡುಕಬೇಕಾದ್ದು ಇಷ್ಟೇ: ಹಳೇ ತಪ್ಪು ಮತ್ತೆ ಮತ್ತೆ ಬರುತ್ತಿದೆಯಾ, ಅಥವಾ ಅದು ಹೋಗಿ ಹೊಸ ತಪ್ಪು ಬಂದಿದೆಯಾ? ತಪ್ಪು ಬದಲಾಗುತ್ತಿದ್ದರೆ ಅಲ್ಲಿ ಯಾರೋ ಕೆಲಸ ಮಾಡುತ್ತಿದ್ದಾರೆ. ಹತ್ತು ಮ್ಯಾಚಿನಲ್ಲೂ ಅದೇ ಕಾರ್ನರ್ (ಗ್ರೌಂಡಿನ ಮೂಲೆಯಿಂದ ಹೊಡೆಯುವ ಬಾಲ್), ಅದೇ ಆಚೆ ಪೋಸ್ಟ್ ಆಗಿದ್ದರೆ ಯೋಚನೆ ಮಾಡಬೇಕು.

ಹತ್ತು ಮ್ಯಾಚ್ ಆಗುವ ಮುಂಚೆ ಈ ಲೆಕ್ಕ ಹಾಕಬೇಡಿ. 2008ರಲ್ಲಿ ಸ್ಪೇನ್‌ನ ದೊಡ್ಡ ಕ್ಲಬ್ ಬಾರ್ಸಿಲೋನಾದವರು ಪೆಪ್ ಗಾರ್ಡಿಯೋಲಾಗೆ ಟೀಮು ಕೊಟ್ಟಾಗ ಅವರು ಕೋಚ್ ಆಗಿ ನೋಡಿದ್ದು ಅದೇ ಕ್ಲಬ್ಬಿನ ಬಿ ಟೀಮಿನ ಒಂದು ಸೀಸನ್ ಮಾತ್ರ. ಮೊದಲ ಲೀಗ್ ಮ್ಯಾಚಿನಲ್ಲೇ ನುಮಾನ್ಸಿಯಾ ಅನ್ನುವ ಸಣ್ಣ ಟೀಮಿಗೆ 0-1 ಸೋತರು. ಎರಡನೆಯದು ರೇಸಿಂಗ್ ಸಾಂಟಂಡರ್ ಜೊತೆ 1-1 ಡ್ರಾ. ಆ ಸೀಸನ್ ಮುಗಿಯುವ ಹೊತ್ತಿಗೆ ಬಾರ್ಸಿಲೋನಾ ಕೈಯಲ್ಲಿ ಮೂರು ದೊಡ್ಡ ಟ್ರೋಫಿ ಇದ್ದವು, ನುಮಾನ್ಸಿಯಾ ಕೆಳಗಿನ ಡಿವಿಷನ್‌ಗೆ ಇಳಿದಿತ್ತು.

ಈಗ ನನಗೆ ತುಂಬ ಇಷ್ಟವಾದ ಒಂದು ದಿನದ ಕಥೆ. 2020ರ ಡಿಸೆಂಬರ್ 26, ಲಂಡನ್. ಇಂಗ್ಲಿಷ್ ಪ್ರೀಮಿಯರ್ ಲೀಗ್‌ನಲ್ಲಿ ಆರ್ಸೆನಲ್ ಮತ್ತು ಚೆಲ್ಸಿ ಮ್ಯಾಚು. ಎರಡೂ ಕಡೆ ಹೊಸ ಕೋಚು. ಆರ್ಸೆನಲ್‌ನ ಮಿಕೆಲ್ ಆರ್ಟೆಟಾಗೆ ಇದೇ ಮೊದಲ ಹೆಡ್ ಕೋಚ್ ಕೆಲಸ. ಅದಕ್ಕೆ ಮುಂಚೆ ಮ್ಯಾಂಚೆಸ್ಟರ್ ಸಿಟಿಯಲ್ಲಿ ಗಾರ್ಡಿಯೋಲಾ ಅವರ ಅಸಿಸ್ಟೆಂಟ್. ಚೆಲ್ಸಿಯ ಫ್ರಾಂಕ್ ಲ್ಯಾಂಪಾರ್ಡ್ ಅಲ್ಲಿಗೆ ಬರುವ ಮುಂಚೆ ನೋಡಿಕೊಂಡಿದ್ದು ಡರ್ಬಿ ಅನ್ನುವ ಟೀಮನ್ನು, ಒಂದು ಸೀಸನ್. ಆರ್ಸೆನಲ್ ಆಗ ಲೀಗ್‌ನಲ್ಲಿ ಸತತ ಏಳು ಮ್ಯಾಚು ಗೆದ್ದಿರಲಿಲ್ಲ. 14 ಮ್ಯಾಚಿಗೆ 14 ಪಾಯಿಂಟ್, 15ನೇ ಸ್ಥಾನ. ಆರ್ಟೆಟಾ ಹೋಗುತ್ತಾರೆ ಅಂತಲೇ ಎಲ್ಲರ ಮಾತು. ಅವತ್ತು ಅವರು 20 ವರ್ಷದ ಎಮಿಲ್ ಸ್ಮಿತ್ ರೋ, 19ರ ಬುಕಾಯೊ ಸಾಕಾ, 19ರ ಗೇಬ್ರಿಯೆಲ್ ಮಾರ್ಟಿನೆಲಿ ಮೂವರನ್ನೂ ಇಳಿಸಿದರು. ಆರ್ಸೆನಲ್ 3-1 ಗೆದ್ದಿತು.

ಒಂದು ತಿಂಗಳು ಕಳೆಯಿತು. 2021ರ ಜನವರಿ 25ಕ್ಕೆ ಕೆಲಸ ಹೋಗಿದ್ದು ಲ್ಯಾಂಪಾರ್ಡ್‌ದು. ಚೆಲ್ಸಿ ಆಗ 9ನೇ ಸ್ಥಾನದಲ್ಲಿತ್ತು. ಥಾಮಸ್ ಟುಹೆಲ್ ಬಂದರು, ಮೇ 29ಕ್ಕೆ ಅದೇ ಆಟಗಾರರು ಯುರೋಪಿನ ಅತಿ ದೊಡ್ಡ ಕ್ಲಬ್ ಕಪ್ಪಾದ ಚಾಂಪಿಯನ್ಸ್ ಲೀಗ್ ಗೆದ್ದರು. ಆರ್ಸೆನಲ್ ಆರ್ಟೆಟಾ ಅವರನ್ನು ಉಳಿಸಿಕೊಂಡಿತು, 8ನೇ ಸ್ಥಾನದಲ್ಲಿ ಸೀಸನ್ ಮುಗಿಸಿತು. ಮುಂದಿನ ಸೀಸನ್‌ನ ಮೊದಲ ಮೂರು ಮ್ಯಾಚೂ ಸೋತು ಪಟ್ಟಿಯ ತಳಕ್ಕೆ ಹೋಯಿತು. ಆಗಲೂ ಉಳಿಸಿಕೊಂಡರು. 5ನೇ ಸ್ಥಾನಕ್ಕೆ ಬಂದರು. ಅದರ ಮುಂದೆ 2023, 2024, 2025, ಮೂರು ವರ್ಷ ಸತತ ಎರಡನೇ ಸ್ಥಾನ.

ಕಳಿಸಿದ ಚೆಲ್ಸಿನಾ, ಉಳಿಸಿಕೊಂಡ ಆರ್ಸೆನಲ್ಲಾ, ಯಾರು ಸರಿ? ನನ್ನ ಪ್ರಕಾರ ಇಬ್ಬರೂ ಸರಿ. ಗೋಲಿನ ಲೆಕ್ಕ ತೆಗೆಯಿರಿ. ಲ್ಯಾಂಪಾರ್ಡ್ ಅವರ ಮೊದಲ ಸೀಸನ್‌ನಲ್ಲಿ ಚೆಲ್ಸಿ ಲೀಗ್‌ನಲ್ಲಿ 54 ಗೋಲು ಬಿಟ್ಟುಕೊಟ್ಟಿತ್ತು. ಎರಡನೇ ಸೀಸನ್‌ನಲ್ಲಿ ಅವರ ಕೈಯಲ್ಲಿದ್ದ 19 ಮ್ಯಾಚಿಗೆ 29 ಪಾಯಿಂಟ್, ಟುಹೆಲ್ ಅವರ 19 ಮ್ಯಾಚಿಗೆ 38. ಟೀಮು ಅದೇ, ಗ್ರೌಂಡು ಅದೇ. ಆರ್ಸೆನಲ್ ಕಥೆ ಉಲ್ಟಾ. 8ನೇ ಸ್ಥಾನದಲ್ಲಿ ಮುಗಿಸಿದ ಆ ಸೀಸನ್‌ನಲ್ಲೂ ಅವರು ಬಿಟ್ಟುಕೊಟ್ಟಿದ್ದು 39 ಗೋಲು. ಇಡೀ ಲೀಗ್‌ನಲ್ಲಿ ಅದಕ್ಕಿಂತ ಕಡಿಮೆ ಬಿಟ್ಟುಕೊಟ್ಟ ಟೀಮು ಎರಡೇ. ಪಾಯ ಬಿದ್ದಿತ್ತು, ಗೋಡೆ ಎದ್ದಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯವನು ನಾನು, ನನಗೆ ಹಾಗೇ ಕಾಣುತ್ತದೆ.

ಇನ್ನು ಪ್ರಾಕ್ಟೀಸ್. ಮ್ಯಾಚಿನ ದಿನ ಕೋಚ್ ಏನು ಅಂತ ಗೊತ್ತಾಗಲ್ಲ, ಅವತ್ತು ಎಲ್ಲರೂ ಕೂಗಾಡುತ್ತಾರೆ. ಸೋತ ಮೇಲಿನ ಮೊದಲ ಪ್ರಾಕ್ಟೀಸ್‌ಗೆ ಹೋಗಿ. ನಮ್ಮಲ್ಲಿ ಅದು ಮಂಗಳವಾರ. ಹೇಳದೆ ಹೋಗಿ, ದೂರ ನಿಲ್ಲಿ. ನಾನು ಸ್ಕೂಟರ್ ಮೇಲೆ ಕೂತು ನೋಡುತ್ತಿದ್ದೆ. ಎರಡನೇ ಸಲ ಈ ಪ್ರಶ್ನೆ ಬಂದಾಗ ಇದ್ದ ಕೋಚ್‌ಗೆ 27 ವರ್ಷ, ಕೋಚ್‌ಗಳ ಡಿ ಲೈಸೆನ್ಸ್ ಕೋರ್ಸ್ ಮುಗಿಸಿ ಬಂದವನು. 0-4 ಸೋತು ಎರಡು ದಿನ ಆಗಿತ್ತು. ಸುಮಾರು ಹೊತ್ತು ಹುಡುಗರು ಬರಲೇ ಇಲ್ಲ. ಅವನೊಬ್ಬನೇ ಸುಣ್ಣದ ಪುಡಿಯಲ್ಲಿ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್ ಒಳಗೆ ನಾಲ್ಕು ಚೌಕ ಹಾಕುತ್ತಿದ್ದ. ಬಂದವರನ್ನು ಬೈಯಲಿಲ್ಲ. ಒಬ್ಬೊಬ್ಬನನ್ನು ಒಂದೊಂದು ಚೌಕದಲ್ಲಿ ನಿಲ್ಲಿಸಿ, "ಇದು ನಿನ್ನ ಮನೆ, ಯಾರು ಬಂದರೂ ನೀನೇ ನೋಡ್ಕೋ" ಅಂದ. ಆಮೇಲೆ 20 ನಿಮಿಷ ಬರೀ ಕಾರ್ನರ್. ಡಿಫೆನ್ಸ್ ಮಧ್ಯದಲ್ಲಿ ಆಡುವ ನಮ್ಮ ಸ್ಟಾಪರ್ ಬ್ಯಾಕ್, ವಯಸ್ಸಿನಲ್ಲಿ ಕೋಚ್‌ಗಿಂತ ದೊಡ್ಡವನು, ಮೊದಲೆರಡು ಸಲ ಮುಖ ಸಿಂಡರಿಸಿಕೊಂಡು ನಿಂತಿದ್ದ. ಐದನೇ ಕಾರ್ನರ್‌ಗೆ ಅವನೇ ಪಕ್ಕದವನಿಗೆ, "ಏಯ್, ನಿನ್ನ ಮನೆ ಖಾಲಿ ಇದೆ!" ಅಂತ ಕೂಗಿದ. ನಾನು ಸ್ಕೂಟರ್ ಸ್ಟಾರ್ಟ್ ಮಾಡಿ ಅಂಗಡಿಗೆ ಹೋದೆ. ಅರ್ಧ ಉತ್ತರ ಸಿಕ್ಕಿತ್ತು.

ಪ್ರಾಕ್ಟೀಸ್‌ನಲ್ಲಿ ಗಮನಿಸಬೇಕಾದ್ದು ಇದೇ. ಭಾನುವಾರದ ತಪ್ಪಿಗೂ ಮಂಗಳವಾರದ ಕೆಲಸಕ್ಕೂ ಸಂಬಂಧ ಇದೆಯಾ? ಕೋಚ್ ಹೇಳಿದ ಮಾತು ಆಟಗಾರರ ಬಾಯಲ್ಲಿ ಬರುತ್ತಿದೆಯಾ? ಸೋತಿದ್ದಕ್ಕೆ ಹತ್ತು ರೌಂಡ್ ಓಡಿಸಿ ಮನೆಗೆ ಕಳಿಸುವವನಾದರೆ ನಂಬಿಕೆ ಇಡುವುದು ಕಷ್ಟ.

ಆಟಗಾರರನ್ನು ಕೇಳಿ, ಆದರೆ "ಕೋಚ್ ಹೇಗೆ?" ಅಂತ ಕೇಳಬೇಡಿ. ಆಡುವ ಹನ್ನೊಂದು ಜನ ಒಳ್ಳೆಯದು ಅಂತಾರೆ, ಬೆಂಚಿನವರು ಕೆಟ್ಟದ್ದು ಅಂತಾರೆ. "ನಾಳೆ ಮ್ಯಾಚಿನಲ್ಲಿ ನಿನ್ನ ಕೆಲಸ ಏನು?" ಅಂತ ಕೇಳಿ, ಅದೂ ಬೆಂಚಿನವನನ್ನೇ. ಅವನು ಎರಡು ವಾಕ್ಯದಲ್ಲಿ ಸರಿಯಾಗಿ ಹೇಳಿದರೆ ಕೋಚ್ ಪಾಠ ತಲುಪುತ್ತಿದೆ. ಮಾತೇ ಮುಟ್ಟದಿದ್ದರೆ ಎಷ್ಟು ದೊಡ್ಡ ಹೆಸರಿದ್ದರೂ ಪ್ರಯೋಜನವಿಲ್ಲ. ಗ್ಯಾರಿ ನೆವಿಲ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಆಟಗಾರನಾಗಿ ರಾಶಿ ಕಪ್ ಗೆದ್ದವರು. 2015ರ ಡಿಸೆಂಬರ್‌ನಲ್ಲಿ ಸ್ಪೇನ್‌ನ ವಾಲೆನ್ಸಿಯಾಗೆ ಕೋಚ್ ಆಗಿ ಹೋದರು, ಸ್ಪ್ಯಾನಿಷ್ ಸರಿಯಾಗಿ ಬರುತ್ತಿರಲಿಲ್ಲ. ಬಾರ್ಸಿಲೋನಾ ಕೈಯಲ್ಲಿ 0-7. ಮಾರ್ಚ್ ಕೊನೆಗೆ ವಾಪಸ್.

"ಹೊಸಬನನ್ನು ತಂದರೆ ಟೀಮು ಎದ್ದು ನಿಲ್ಲುತ್ತೆ" ಅಂತ ಕಮಿಟಿಯಲ್ಲಿ ಒಬ್ಬರು ಹೇಳೇ ಹೇಳ್ತಾರೆ. ನಮ್ಮಲ್ಲೂ ಎದ್ದು ನಿಂತಿತ್ತು, ಒಂದು ವಾರ. ಮೊದಲನೇ ಹುಡುಗನನ್ನು ಕಳಿಸಿ ಹಿರಿಯರೊಬ್ಬರನ್ನು ತಂದೆವು. ಗೋಲ್‌ಕೀಪರ್‌ಗೆ "ಉದ್ದ ಹೊಡಿ, ಸಾಕು" ಅಂದರು. ಮೊದಲ ಮ್ಯಾಚು 2-0 ಗೆದ್ದೆವು. ನಾನೇ ಅರ್ಧ ಕೆಜಿ ಮೈಸೂರು ಪಾಕ್ ಹಂಚಿದೆ. ಉಳಿದ ನಾಲ್ಕು ಮ್ಯಾಚಿಗೆ ಬಂದಿದ್ದು ಒಂದೇ ಪಾಯಿಂಟ್. ಬಾಸ್ ಟರ್ ವೇಲ್ ಅನ್ನುವ ಡಚ್ ಅರ್ಥಶಾಸ್ತ್ರಜ್ಞರು ಅಲ್ಲಿನ ಲೀಗ್‌ನ 1986ರಿಂದ 2004ರವರೆಗಿನ ಲೆಕ್ಕ ತೆಗೆದು ನೋಡಿದ್ದಾರೆ. ಸತತ ಸೋತ ಮೇಲೆ ಕೋಚನ್ನು ಬದಲಾಯಿಸಿದ ಟೀಮುಗಳೂ ಚೇತರಿಸಿಕೊಂಡವು. ಅಷ್ಟೇ ಕೆಟ್ಟದಾಗಿ ಸೋತು, ಬದಲಾಯಿಸದೆ ಇದ್ದವೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡವು. ಜ್ವರ ಏರಿದಾಗ ಮಾತ್ರೆ ತಗೊಂಡು, ಇಳಿದಾಗ ಮಾತ್ರೆಗೆ ಕೈಮುಗಿಯೋದು ನಮ್ಮ ಅಭ್ಯಾಸ.

ಹಾಗಂತ ಯಾರನ್ನೂ ಕಳಿಸಲೇಬಾರದು ಅಂತ ಅಲ್ಲ. ಚೆಲ್ಸಿಯವರು ಮಾಡಿದ್ದನ್ನು ನೋಡಿ. ಪ್ಯಾರಿಸ್ ಕ್ಲಬ್ಬಿನವರು ಟುಹೆಲ್ ಅವರನ್ನು ಆ ಡಿಸೆಂಬರ್‌ನಲ್ಲೇ ಬಿಟ್ಟಿದ್ದರು. ಅಂಥವರು ಖಾಲಿ ಕೂತಿದ್ದಾರೆ ಅಂತ ಗೊತ್ತಿದ್ದೇ ಕೈ ಹಾಕಿದರು. ನಿಮ್ಮ ಹತ್ತಿರ ಯಾರಿದ್ದಾರೆ? ಹೆಸರು ಹೇಳಿ. "ಯಾರಾದರೂ ಸಿಗ್ತಾರೆ ಬಿಡಿ" ಅನ್ನುವುದಾದರೆ ಮೀಟಿಂಗ್ ಅಲ್ಲಿಗೇ ಮುಗಿಸಿ.

ನಮ್ಮ ಊರಿನ ದೊಡ್ಡ ಕ್ಲಬ್ ಎರಡೂ ಮಾಡಿ ನೋಡಿದೆ. ಹಿಂದಿನ ಕೋಚ್ ಆಲ್ಬರ್ಟ್ ರೋಕಾ ಅವರ ಅಸಿಸ್ಟೆಂಟ್ ಆಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಅವರಿಗೆ ಬೆಂಗಳೂರು ಎಫ್‌ಸಿ 2018ರಲ್ಲಿ ಟೀಮು ಕೊಟ್ಟಿತು. ಮೊದಲ ಸೀಸನ್‌ನಲ್ಲೇ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ಬಂತು. ಎಕ್ಸ್‌ಟ್ರಾ ಟೈಮ್‌ನಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್, ರಾಹುಲ್ ಭೆಕೆ ಹೆಡರ್. ಆ ಗೋಲಿಗೆ ನಾನು ಕೂಗಿದ್ದು ಪಕ್ಕದ ಬೀದಿಗೂ ಕೇಳಿತ್ತಂತೆ. ಅದೇ ಕ್ವಾಡ್ರಾಟ್ ಅವರನ್ನು ಮೂರು ಮ್ಯಾಚ್ ಸತತ ಸೋತ ಮೇಲೆ 2021ರ ಜನವರಿಯಲ್ಲಿ ಕಳಿಸಿದರು. ಆ ಸೀಸನ್ 7ನೇ ಸ್ಥಾನದಲ್ಲಿ ಮುಗಿಯಿತು. ಜೆರಾರ್ಡ್ ಝರಗೋಜಾ 2023ರ ಡಿಸೆಂಬರ್‌ನಲ್ಲಿ, ಸೀಸನ್ ಅರ್ಧದಲ್ಲಿ ಬಂದರು. ಟೀಮು 10ನೇ ಸ್ಥಾನಕ್ಕೆ ಹೋಯಿತು. ಬೈಗುಳ ಬಿತ್ತು, ಆದರೂ ಉಳಿಸಿಕೊಂಡರು. ಮುಂದಿನ ಸೀಸನ್‌ನಲ್ಲಿ ಅದೇ ಟೀಮು ಫೈನಲ್‌ನಲ್ಲಿ ಮೋಹನ್ ಬಗಾನ್ ಎದುರು ಎಕ್ಸ್‌ಟ್ರಾ ಟೈಮ್‌ವರೆಗೂ ಆಡಿ 1-2 ಸೋತಿತು.

ಉಳಿಸಿಕೊಳ್ಳುವುದು ಅಂತ ಆದರೆ ಸುಮ್ನೆ ಬಿಡಬೇಡಿ, ಏನಾದರೂ ಜೊತೆಗೆ ಕೊಡಿ. ನಾವು ಎರಡನೇ ಕೋಚ್‌ಗೆ ಮ್ಯಾಚಿನ ದಿನ ಬೆಂಚಿನಲ್ಲಿ ಪಕ್ಕ ಕೂರಲು ಒಬ್ಬ ಹಳೇ ಗೋಲ್‌ಕೀಪರ್‌ನನ್ನು ಕೊಟ್ಟೆವು. ಅವರ ಕೆಲಸ ಒಂದೇ: 60ನೇ ನಿಮಿಷಕ್ಕೆ "ಸಬ್ ಯೋಚನೆ ಮಾಡಿದ್ಯಾ?" ಅಂತ ಕೇಳೋದು. ಸಬ್ ಅಂದರೆ ಆಡುವವನನ್ನು ತೆಗೆದು ಬೆಂಚಿನವನನ್ನು ಇಳಿಸೋದು. ಹೊಸ ಕೋಚ್‌ಗಳು ಮ್ಯಾಚ್ ನೋಡುತ್ತಾ ಸಬ್ ಮಾಡೋದನ್ನೇ ಮರೆಯುತ್ತಾರೆ. ಮತ್ತೆ, ಸೀಸನ್ ಮುಗಿಯುವವರೆಗೆ ನೀನೇ ಅಂತ ಆಟಗಾರರ ಮುಂದೆಯೇ ಹೇಳಿದೆವು. ಫೋನುಗಳು ಕಡಿಮೆಯಾದವು. ಗೋಲ್ ಡಿಫರೆನ್ಸ್ (ಹೊಡೆದ ಗೋಲಿನಲ್ಲಿ ಬಿಟ್ಟ ಗೋಲು ಕಳೆದದ್ದು) ಲೆಕ್ಕದಲ್ಲಿ, ಕೆಳಗಿನ ಡಿವಿಷನ್‌ಗೆ ಇಳಿಯುವ ಜಾಗಕ್ಕಿಂತ ಒಂದು ಸ್ಥಾನ ಮೇಲೆ ಉಳಿದುಕೊಂಡೆವು. ದೊಡ್ಡ ಸಾಧನೆ ಏನಲ್ಲ, ಆದರೆ ಈಗಲೂ ಅದೇ ಡಿವಿಷನ್‌ನಲ್ಲಿದ್ದೇವೆ, ಅವನೇ ಕೋಚ್.

ಕಳಿಸುವುದು ಅಂತ ಆದರೆ ನೀವೇ ಹೋಗಿ ಹೇಳಿ. ಪ್ರಾಕ್ಟೀಸ್ ಇಲ್ಲದ ದಿನ, ಎಲ್ಲಾದರೂ ಕಾಫಿ ಕುಡಿಯುತ್ತಾ. ಬಾಕಿ ದುಡ್ಡು ಕವರಿನಲ್ಲಿ ಹಾಕಿಕೊಂಡೇ ಹೋಗಿ. ಬೇರೆ ಯಾರಿಗೂ ಗೊತ್ತಾಗುವ ಮುಂಚೆ ಅವನಿಗೆ ಗೊತ್ತಾಗಬೇಕು.

ಮೊದಲನೇ ಹುಡುಗನಿಗೆ ನಾನು ಹಾಗೆ ಹೇಳಲಿಲ್ಲ. ಮೀಟಿಂಗ್ ಮುಗಿದ ಅರ್ಧ ಗಂಟೆಗೆ ಕಮಿಟಿಯ ಒಬ್ಬರು ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟಿದ್ದರು. ಅವನೂ ಆ ಗ್ರೂಪಿನಲ್ಲಿದ್ದ. ಮಂಗಳವಾರ ಸಂಜೆ ಅಂಗಡಿ ಹತ್ತಿರ ಬಂದ. ಕೈಯಲ್ಲಿ ಕೋನ್‌ಗಳ ಚೀಲ, ಇನ್ನೊಂದು ಕವರಿನಲ್ಲಿ ಪ್ರಾಕ್ಟೀಸ್‌ಗೆ ಮೇಲೆ ಹಾಕುವ ಬಿಬ್‌ಗಳು. ಒಗೆದು, ಮಡಚಿ ತಂದಿದ್ದ. "14 ಇದೆ ಅಣ್ಣ, ಎಣಿಸ್ಕೊಳ್ಳಿ" ಅಂದ. ನಾನು ಎಣಿಸಿದೆ. ಏನು ಮಾತಾಡಬೇಕು ಅಂತ ಗೊತ್ತಾಗದೆ, ನಿಜವಾಗಲೂ ಒಂದೊಂದಾಗಿ ಎಣಿಸಿದೆ.