ಟೈಪ್ ಮಾಡೋರು ಯಾರು?

ನಮ್ಮದು ತಾಲ್ಲೂಕು ಊರಿನ 50 ಹಾಸಿಗೆಯ ಆಸ್ಪತ್ರೆ. ನಾನು ರೆಕಾರ್ಡ್ ರೂಮ್ ನೋಡಿಕೊಳ್ಳುವವನು. ಕೇಸ್ ಶೀಟುಗಳನ್ನು ಕಂಪ್ಯೂಟರಿಗೆ ಹಾಕೋಣ ಎಂದು ಹೊರಟಾಗ ಆಡಳಿತದವರು ಕೇಳಿದ್ದು, ಸಾಫ್ಟ್‌ವೇರ್‌ಗೆ ಎಷ್ಟಾಗುತ್ತೆ? ಡಾಕ್ಟರುಗಳು ಕೇಳಿದ್ದು, ಟೈಪ್ ಮಾಡೋರು ಯಾರು? ನಾವು ಮೊದಲನೆಯದಕ್ಕೆ ಮಾತ್ರ ಉತ್ತರ ಹುಡುಕಿಕೊಂಡು ಶುರು ಮಾಡಿಬಿಟ್ಟೆವು.

ಮೊದಲ ದಿನವೇ ಸಂತೆ. ಓಪಿಡಿಯಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮ ಫಿಜಿಷಿಯನ್ ಒಂದೇ ಬೆರಳಲ್ಲಿ ಅಕ್ಷರ ಹುಡುಕುತ್ತಿದ್ದರು. ಎದುರಿಗಿದ್ದ ಅಜ್ಜಿ, "ಡಾಕ್ಟ್ರೇ, ನನ್ ಮುಖ ನೋಡಿ, ಆ ಟೀವಿ ಆಮೇಲೆ ನೋಡೀರಂತೆ" ಎಂದರು. ಹನ್ನೊಂದು ಗಂಟೆಗೆ ಡಾಕ್ಟರು ಮತ್ತೆ ಪೆನ್ನು ಹಿಡಿದರು. ತಪ್ಪು ಅವರದಲ್ಲ ಬಿಡಿ.

ಆಮೇಲೆ ಡಾಕ್ಟರನ್ನು ಕೊನೆಗೆ ಇಟ್ಟೆವು. ಮೊದಲು ನೋಂದಣಿ, ಲ್ಯಾಬ್, ಫಾರ್ಮಸಿ. ಬಿಪಿ, ತೂಕ ತುಂಬುವುದು ಸಿಸ್ಟರ್ ಕೆಲಸ. ಡಾಕ್ಟರು ಜಾಸ್ತಿ ಬರೆಯುವ 40 ಮಾತ್ರೆಗಳನ್ನು ಅವರ ಹಳೇ ಚೀಟಿಗಳಿಂದಲೇ ಆರಿಸಿ ಪಟ್ಟಿ ಮಾಡಿದೆ. ಒತ್ತಿದರೆ ಡೋಸ್ ಸಮೇತ ಬರುತ್ತದೆ. ಆದರೂ ಅವರು ಒಲಿದದ್ದು ಇದಕ್ಕಲ್ಲ. ಒಬ್ಬ ಸಕ್ಕರೆ ಕಾಯಿಲೆಯವರ ಆರು ತಿಂಗಳ ಹಿಂದಿನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡುವ ರಕ್ತಪರೀಕ್ಷೆ) ಕೂತಲ್ಲೇ ಸಿಕ್ಕಿತು, ಅದಕ್ಕೆ. ಮೊದಲಾದರೆ ವಾರ್ಡ್ ಬಾಯ್ ನನ್ನ ರೂಮಿಗೆ ಓಡಿ ಬರಬೇಕಿತ್ತು.

ಕರೆಂಟ್ ಹೋದರೂ ಕಂಪ್ಯೂಟರ್ ನಡೆಸುವ ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕಬೇಡಿ, ಅಷ್ಟೇ ಹೇಳುತ್ತೇನೆ.

ಹೆಸರುಗಳ ಗೋಳು ಬೇರೆ. ಮಂಜುನಾಥ ಅಂತ ಹುಡುಕಿದರೆ ಪರದೆ ತುಂಬ ಮಂಜುನಾಥರು. ಮೊಬೈಲ್ ನಂಬರ್ ನೋಡೋಣ ಎಂದರೆ ಇಡೀ ಮನೆಗೆ ಒಂದೇ ಫೋನು. 2021ರಲ್ಲಿ ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವಿಡೀ ಶುರುವಾದ ಮೇಲೆ 14 ಅಂಕಿಯ ಆಭಾ ನಂಬರ್, ಅಂದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಆರೋಗ್ಯ ಗುರುತಿನ ಸಂಖ್ಯೆ, ಬಂತು. ಕೌಂಟರಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು ತಾನಾಗಿ ಬರುತ್ತದೆ. ಆದರೆ ನಮ್ಮಲ್ಲಿಗೆ ಬರುವ ವಯಸ್ಸಾದವರ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಬೇಕಲ್ವಾ? ತಂದೆ ಹೆಸರು, ಊರು ಕೇಳುವುದನ್ನು ನಾವು ಬಿಟ್ಟಿಲ್ಲ.

ರೋಗಿ ದಾಖಲೆ ಕೇಳಿದರೆ ಡಾಕ್ಟರು 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮವಿದೆ. ಮೊದಲೆಲ್ಲ ಆ ಮೂರು ದಿನ ನನಗೆ ಧೂಳು ಕುಡಿಯುವ ಕೆಲಸ. ಈಗ ಪ್ರಿಂಟ್ ತೆಗೆದರೆ ಮುಗಿಯಿತು.

ಬಗೆಹರಿಯದ್ದು ಲಾಗಿನ್. ಮೂರು ಶಿಫ್ಟಿನ ಸಿಸ್ಟರುಗಳೂ ಒಬ್ಬರದೇ ಲಾಗಿನ್ ಬಳಸಿದರೆ ಇಂಜೆಕ್ಷನ್ ಕೊಟ್ಟವರು ಯಾರು ಅಂತ ಹೇಗೆ ತಿಳಿಯಬೇಕು? ಎಷ್ಟು ಸಲ ಹೇಳಿದ್ದೇನೋ. ಮೊನ್ನೆ ಮಾನಿಟರಿನ ಮೇಲೆ ಪಾಸ್‌ವರ್ಡ್ ಬರೆದು ಅಂಟಿಸಿದ್ದರು. ಕಿತ್ತು ಜೇಬಿಗೆ ಹಾಕಿಕೊಂಡೆ. ಸಂಜೆಯೊಳಗೆ ಇನ್ನೊಂದು ಚೀಟಿ ಅಂಟಿತ್ತು.