ಒರೆಸುವ ಬಟ್ಟೆಯೇ ಬಣ್ಣದ ವೈರಿ

ಬೆಳಗಿನ ಐದೂವರೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದು ಬಕೆಟ್, ಒಂದು ಬಟ್ಟೆ, ಹದಿನೈದು ಕಾರು. ಮೊದಲ ಕಾರಿಗೆ ನೀರು ತಿಳಿಯಾಗಿರುತ್ತದೆ, ಐದನೆಯದಕ್ಕೆ ಚಹಾದ ಬಣ್ಣ, ಹತ್ತನೆಯದಕ್ಕೆ ಕೆಸರು. ನಮ್ಮದು ಎಷ್ಟನೆಯದು ಎಂದು ಯಾರೂ ಕೇಳುವುದಿಲ್ಲ. ಹೊರಡುವ ಹೊತ್ತಿಗೆ ಕಾರು ಒದ್ದೆಯಾಗಿ ಮಿರುಗುತ್ತಿದ್ದರೆ ಕೊಟ್ಟ ಹಣ ಸಂದಿತು ಎಂದುಕೊಳ್ಳುತ್ತೇವೆ. ಹೀಗೆ ಒಂದು ವರ್ಷ ಕಳೆದ ಮೇಲೆ ಕಪ್ಪು ಕಾರಿನ ಬಾನೆಟ್ಟನ್ನು ಬಿಸಿಲಿನಲ್ಲಿ ನೋಡಿ. ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯಂತೆ ಸುತ್ತಿಕೊಂಡ ಸಾವಿರಾರು ನವಿರು ಗೀರುಗಳು ಕಾಣುತ್ತವೆ. ಅವು ರಸ್ತೆಯಿಂದ ಬಂದವಲ್ಲ, ಬಟ್ಟೆಯಿಂದ ಬಂದವು. ತೊಳೆಯುವವರನ್ನು ದೂರಬೇಡಿ. ನಾವು ಕೊಡುವ ಕೂಲಿಗೂ ಸಿಗುವ ಒಂದು ಬಕೆಟ್ ನೀರಿಗೂ ಅಷ್ಟೇ ಆಗುವುದು.

ನನ್ನ ಬಳಿ ಎರಡು ಕಾರುಗಳಿವೆ. ದಿನಾ ಕಚೇರಿಗೆ ಹೋಗಿ ಬರುವ ಬೂದು ಬಣ್ಣದ ಹ್ಯಾಚ್‌ಬ್ಯಾಕ್ ಒಂದು. ಮಾವನವರಿಂದ ಬಂದ 1978ರ ಪ್ರೀಮಿಯರ್ ಪದ್ಮಿನಿ ಇನ್ನೊಂದು. ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ಇಂದಿಗೂ ‘ಫಿಯೆಟ್’. ವರ್ಷಕ್ಕೆ ಒಂದೆರಡು ಸಲ ಹಳೆಯ ಕಾರುಗಳ ಪ್ರದರ್ಶನಕ್ಕೆ ಹೋಗುತ್ತದೆ, ಉಳಿದಂತೆ ಹೊದಿಕೆಯೊಳಗೆ ಮಲಗಿರುತ್ತದೆ. ಆರಂಭದಲ್ಲಿ ಎರಡಕ್ಕೂ ಒಂದೇ ಉಪಚಾರ ಮಾಡಿ ಎರಡನ್ನೂ ಕೆಡಿಸಿದೆ. ದಿನಬಳಕೆಯ ಕಾರಿಗೆ ಬೇಕಾದದ್ದು ಹೊಳಪಲ್ಲ, ಸವೆಯದೆ ಉಳಿಯುವುದು. ಪ್ರದರ್ಶನದ ಕಾರಿಗೆ ಹೊಳಪು ಬೇಕು, ಆದರೆ ಪ್ರತಿ ಹೊಳಪಿಗೂ ಸ್ವಲ್ಪ ಬಣ್ಣದ ಬೆಲೆ ತೆರಬೇಕು.

ಮೊದಲು ಬಣ್ಣದ ಲೆಕ್ಕ

ಇಂದಿನ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಪ್ರೈಮರ್, ಬಣ್ಣ, ಅದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತವೆ. ಎಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಮೇಲಿನ ಪಾರದರ್ಶಕ ಪದರವೊಂದೇ ಎಂದರೆ ಸುಮಾರು 35ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಹೊಳಪೂ ಬಿಸಿಲಿನಿಂದ ರಕ್ಷಣೆಯೂ ಇದರಲ್ಲೇ ಇವೆ. ‘ಪಾಲಿಶ್ ಮಾಡಿಸಿದೆ, ಗೀರು ಹೋಯಿತು’ ಎನ್ನುತ್ತೇವಲ್ಲ, ಗೀರು ತುಂಬಿಕೊಂಡು ಹೋಗುವುದಿಲ್ಲ. ಅದರ ಅಕ್ಕಪಕ್ಕದ ಪದರವನ್ನೇ ಗೀರಿನ ಆಳದವರೆಗೆ ಉಜ್ಜಿ ತೆಗೆದಿರುತ್ತಾರೆ. ವರ್ಷಕ್ಕೆ ಎರಡು ಸಲ ಪಾಲಿಶ್ ಯಂತ್ರ ಹಾಕಿಸುವವರು ಈ ಲೆಕ್ಕವನ್ನು ನೆನಪಿನಲ್ಲಿಡಬೇಕು.

ದಿನಬಳಕೆಯ ಕಾರು: ತೊಳೆಯುವ ಕ್ರಮ

ನೀರಿನಿಂದ ಶುರು ಮಾಡೋಣ. 2024ರ ಮಾರ್ಚ್‌ನಲ್ಲಿ ನೀರಿನ ಬಿಕ್ಕಟ್ಟು ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತು. ಹಾಗಾಗಿ ಹೆಚ್ಚಿನವರು ಕೊಳವೆಬಾವಿ ನೀರಿಗೆ ಹೋಗುತ್ತಾರೆ. ಅದು ಗಡಸು ನೀರು. ಹನಿ ಆರಿದಲ್ಲಿ ಕ್ಯಾಲ್ಸಿಯಂ ಉಳಿದು ಬಿಳಿ ಉಂಗುರ ಕೂರುತ್ತದೆ, ಬಿಸಿಲಿಗೆ ಸಿಕ್ಕರೆ ಬಣ್ಣವನ್ನು ಕಚ್ಚಿಕೊಳ್ಳುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಕಾರಿಗೆ ಬಳಸುವುದು ಒಳ್ಳೆಯ ಅಭ್ಯಾಸವೇ. ಆದರೆ ಅದರಲ್ಲಿ ಲವಣ ಮೂಲ ನೀರಿಗಿಂತಲೂ ಹೆಚ್ಚು. ಚಕ್ರದ ಕೆಸರು ಬಿಡಿಸಲು ಬಳಸಿ, ಕೊನೆಯ ನೀರಾಗಿ ಬೇಡ. ಕೊನೆಗೆ ಹಾಕಲು ಮಳೆನೀರಿಗಿಂತ ಉತ್ತಮವಾದದ್ದಿಲ್ಲ. ಮಳೆಕೊಯ್ಲಿನ ಡ್ರಮ್ಮಿನಿಂದ ಒಂದು ಬಕೆಟ್ ಎತ್ತಿಟ್ಟುಕೊಂಡರೆ ಸಾಕು.

ಕಾರು ನೆರಳಿನಲ್ಲಿರಲಿ, ಬಾನೆಟ್ ಕೈಗೆ ತಣ್ಣಗಿರಲಿ. ಮೊದಲು ಚಕ್ರಗಳನ್ನು ತೊಳೆಯಿರಿ, ಅವಕ್ಕೆ ಬಟ್ಟೆಯೂ ಬಕೆಟ್ಟೂ ಬೇರೆ. ಬ್ರೇಕಿನಿಂದ ಉದುರುವ ಕಬ್ಬಿಣದ ಪುಡಿ ಅಲ್ಲೇ ಇರುತ್ತದೆ. ಅದೇ ಬಟ್ಟೆ ಬಾನೆಟ್ಟಿಗೆ ಬಂದರೆ ಮರಳುಕಾಗದ ಬಂದಂತೆ. ಆಮೇಲೆ ಮೈಮೇಲೆಲ್ಲ ನೀರು ಬಿಟ್ಟು, ಮುಟ್ಟದೆಯೇ ಎಷ್ಟು ಧೂಳು ಇಳಿಯುತ್ತದೋ ಅಷ್ಟನ್ನೂ ಇಳಿಸಿ. ಇದನ್ನು ಅವಸರದಲ್ಲಿ ಮುಗಿಸಬೇಡಿ. ಸಂಡೂರು, ಬಳ್ಳಾರಿ ಕಡೆಯ ಕೆಂಧೂಳು ಕೂತ ಕಾರಾದರೆ ಎರಡು ಸುತ್ತು ಬಿಡಿ.

ಇನ್ನು ಎರಡು ಬಕೆಟ್. ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ, ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ, ಒತ್ತದೆ ಎಳೆಯಿರಿ. ಒಂದು ಬಾಗಿಲು ಮುಗಿಯಿತೆಂದರೆ ಕೈಗವಸನ್ನು ಬರಿಯ ನೀರಿನಲ್ಲಿ ಹಿಂಡಿ ಧೂಳು ಬಿಡಿಸಿ, ಮತ್ತೆ ಶಾಂಪೂವಿಗೆ ಅದ್ದಿ. ಬಾಗಿಲಿನ ಕೆಳಭಾಗ, ಬಂಪರ್ ಕಟ್ಟಕಡೆಗೆ. ಕೈಗವಸು ನೆಲಕ್ಕೆ ಬಿದ್ದರೆ ಅವತ್ತಿಗೆ ಅದರ ಕೆಲಸ ಮುಗಿಯಿತು. ಪಾತ್ರೆ ತೊಳೆಯುವ ದ್ರವ ಬೇಡ. ನಾನು ಒಂದು ವರ್ಷ ಅದನ್ನೇ ಹಾಕಿದೆ. ಜಿಡ್ಡು ತೆಗೆಯಲೆಂದೇ ಮಾಡಿದ ವಸ್ತು ಅದು, ಹಚ್ಚಿದ ಮೇಣವನ್ನೂ ಜಿಡ್ಡೆಂದೇ ತಿಳಿದು ತೆಗೆಯುತ್ತದೆ.

ಒರೆಸುವಾಗ ದಪ್ಪನೆಯ ಮೈಕ್ರೋಫೈಬರ್ ಟವೆಲನ್ನು ಮೇಲೆ ಹರವಿ ನೀರು ಹೀರಲು ಬಿಡಿ. ಹಳೆಯ ಬನಿಯನ್, ಹಳದಿ ಬಟ್ಟೆಗಳನ್ನು ಅಡುಗೆಮನೆಗೆ ಕೊಟ್ಟುಬಿಡಿ.

ಪೈಪು ಎಳೆಯಲು ಬಿಡದ ಅಪಾರ್ಟ್‌ಮೆಂಟುಗಳಿಗೆ ಬೇರೊಂದು ದಾರಿ ಇದೆ. ಒರೆಸಿದ ಮೇಲೆ ನೀರು ಸುರಿಯುವ ಅಗತ್ಯವೇ ಇಲ್ಲದ ಶಾಂಪೂ ಸಿಗುತ್ತದೆ. ಹತ್ತು ಲೀಟರಿಗೆ ಸುಮಾರು 40 ಮಿಲಿಲೀಟರ್ ಬೆರೆಸಿ, ಏಳೆಂಟು ಬಟ್ಟೆ ನೆನೆಹಾಕಿ, ಒಂದು ಭಾಗಕ್ಕೆ ಬಟ್ಟೆಯ ಒಂದು ಮಗ್ಗುಲು ಎಂಬಂತೆ ಬಳಸುತ್ತ ಹೋಗಬೇಕು. ಕೊಳೆಯಾದ ಮಗ್ಗುಲು ಮತ್ತೆ ಕಾರನ್ನು ಮುಟ್ಟಬಾರದು. ಕೆಸರು ಮೆತ್ತಿಕೊಂಡ ಕಾರಿಗೆ ಇದು ಆಗದು, ಬರಿಯ ಧೂಳಿಗೆ ಸೊಗಸಾಗಿ ಆಗುತ್ತದೆ. ನಮ್ಮಲ್ಲಿ ತೊಳೆಯಲು ಬರುವವರಿಗೆ ಈ ಬಟ್ಟೆಗಳ ಕಟ್ಟನ್ನೇ ಕೊಟ್ಟು, ವಾರಕ್ಕೆ ಒಂದೇ ಸಲ ಸಾಕು, ಹಣ ಮೊದಲಿನಷ್ಟೇ ಎಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆದರೆ ಒಪ್ಪಂದ ಮೂರು ವರ್ಷದಿಂದ ಚೆನ್ನಾಗಿ ನಡೆದಿದೆ.

ಕಾಯದಂತಹ ಕಲೆಗಳು

ಹಕ್ಕಿಯ ಹಿಕ್ಕೆ ಭಾನುವಾರದವರೆಗೆ ಕಾಯುವುದಿಲ್ಲ. ಅದರಲ್ಲಿ ಯೂರಿಕ್ ಆಮ್ಲವಿದೆ, ಬೇಸಿಗೆಯ ಒಂದು ಮಧ್ಯಾಹ್ನದಲ್ಲೇ ಗುರುತು ಕೊರೆಯಬಲ್ಲದು. ಉಗುರಿನಿಂದ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಮರದ ಅಂಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆ, ಡಾಂಬರಿನ ಚುಕ್ಕೆಗೆ ತೆಂಗಿನೆಣ್ಣೆ. ಎಣ್ಣೆ ನಿಧಾನ, ಆದರೆ ಪೆಟ್ರೋಲಿನಂತೆ ಹಾನಿ ಮಾಡುವುದಿಲ್ಲ.

ಆಯುಧಪೂಜೆಯ ಬಗ್ಗೆ ಹೇಳಿದರೆ ಮನೆಯಲ್ಲಿ ಬೈಸಿಕೊಳ್ಳುತ್ತೇನೆ, ಆದರೂ ಹೇಳಬೇಕು. ಅರಿಶಿನ ಕುಂಕುಮವನ್ನು ನೇರವಾಗಿ ಬಣ್ಣದ ಮೇಲೆ ಹಚ್ಚುವ ಬದಲು ಗಾಜಿಗೆ ಹಚ್ಚಿ. ತಿಳಿಬಣ್ಣದ ಕಾರಿನಲ್ಲಿ ಒದ್ದೆ ಕುಂಕುಮ ನಸುಗೆಂಪು ಕಲೆಯಾಗಿ ಉಳಿಯಬಹುದು. ಬಂಪರಿಗೆ ಬಾಳೆಕಂದನ್ನು ತೆಂಗಿನ ನಾರಿನ ಹಗ್ಗದಿಂದ ಕಟ್ಟಿದರೆ, ದಾರಿಯುದ್ದಕ್ಕೂ ಅದು ಅಲುಗಾಡಿ ಉಜ್ಜುತ್ತಲೇ ಇರುತ್ತದೆ. ಹತ್ತಿಯ ಪಟ್ಟಿಯಿಂದ ಕಟ್ಟಿ, ಮನೆಗೆ ಬಂದ ತಕ್ಷಣ ಬಿಚ್ಚಿ. ಬಾನೆಟ್ಟಿನ ಮೇಲೆ ಹೂವಿನ ಹಾರ ಮೂರು ದಿನ ಒಣಗುವುದನ್ನು ಯಾವ ದೇವರೂ ಕೇಳಿಲ್ಲ.

ರಕ್ಷಣೆಗೆ ಏನು ಹಚ್ಚಬೇಕು

ಮೇಣ ಕೆಲವು ವಾರ, ಸಿಂಥೆಟಿಕ್ ಸೀಲಂಟ್ ಕೆಲವು ತಿಂಗಳು, ಸೆರಾಮಿಕ್ ಲೇಪನ ಒಂದೆರಡು ವರ್ಷ ಬರುತ್ತವೆ. ದಿನಾ ಓಡುವ ಕಾರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಸಿಂಪಡಿಸಿ ಒರೆಸುವ ಸೀಲಂಟ್ ಸಾಕೆಂಬುದು ನನ್ನ ಅಭಿಪ್ರಾಯ. ಸೆರಾಮಿಕ್ ಮಾರುವವರು ‘9ಎಚ್ ಗಡಸುತನ’ ಎನ್ನುತ್ತಾರೆ. ಅದು ಪೆನ್ಸಿಲ್ ಮೊನೆಯಿಂದ ಗೀರಿ ನೋಡುವ ಪರೀಕ್ಷೆಯ ಅಳತೆ, ವಜ್ರ ಹತ್ತರಲ್ಲಿರುವ, ಖನಿಜಗಳ ಗಡಸುತನದ ಮೋಸ್ ಅಳತೆಯಲ್ಲ. ನೀರು, ಕೊಳೆ ಸುಲಭವಾಗಿ ಜಾರುತ್ತವೆ, ನಿಜ. ಕೀಲಿಕೈಯ ಗೀರನ್ನೂ ಕೊಳಕು ಬಟ್ಟೆಯನ್ನೂ ಅದು ತಡೆಯುವುದಿಲ್ಲ. ಹತ್ತು ಕಾರಿನ ಬಟ್ಟೆ ಮುಂದುವರಿಯುವುದಾದರೆ ಆ ಹಣ ಮಣ್ಣುಪಾಲು. ಹೆದ್ದಾರಿಯ ಕಲ್ಲೇಟು ತಡೆಯಲು ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆಯೇ ಬೇಕು. ಇಡೀ ಕಾರಿಗಲ್ಲ, ಮುಂಭಾಗಕ್ಕೆ ಹಾಕಿಸಿದರಾಯಿತು.

ತುಕ್ಕಿನ ಕಥೆ ಬೇರೆ. ಮಲೆನಾಡಿನ ಮಳೆ, ಮಂಗಳೂರು ಕಾರವಾರದ ಉಪ್ಪುಗಾಳಿ ಕಾರನ್ನು ಅಡಿಯಿಂದ ತಿನ್ನುತ್ತವೆ. ಮಳೆಗಾಲದಲ್ಲಿ ತಿಂಗಳಿಗೆರಡು ಸಲ ಚಕ್ರದ ಕಮಾನಿನ ಒಳಗೂ ಕಾರಿನ ಅಡಿಗೂ ಸಿಹಿನೀರು ಹೊಡೆಯಿರಿ. ಬಾಗಿಲಿನ ಕೆಳಅಂಚಿನಲ್ಲಿ ನೀರು ಹೊರಹೋಗುವ ಸಣ್ಣ ರಂಧ್ರಗಳಿವೆ, ಕಡ್ಡಿಯಿಂದ ಬಿಡಿಸಿ. ಆಗಲೇ ತುಕ್ಕು ಹಿಡಿದ ಅಡಿಭಾಗಕ್ಕೆ ಕಪ್ಪು ರಬ್ಬರ್ ಲೇಪ ಬಳಿಸುವುದು ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ. ತೇವ ಒಳಗೇ ಉಳಿಯುತ್ತದೆ. ಧೂಳು ಹಿಡಿದ ಕಾರಿಗೆ ಹೊದಿಕೆ ಹಾಕುವುದೂ ಬೇಡ.

ಪ್ರದರ್ಶನದ ಕಾರು

ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿ ಬಂದವರು ಮನೆಯ ಕಾರಿಗೂ ಅದೇ ಆಳದ ಹೊಳಪು ಬರಿಸಲು ಹೊರಡುತ್ತಾರೆ. ಆದರೆ ನಮ್ಮ ಫಿಯೆಟ್ಟಿನಂತಹ ಕಾರುಗಳ ಮೇಲೆ ಪಾರದರ್ಶಕ ಪದರವೇ ಇಲ್ಲದಿರಬಹುದು. ಬಣ್ಣವೇ ಮೇಲ್ಮೈ. ಮೊದಲು ಪರೀಕ್ಷಿಸಿ. ಕಣ್ಣಿಗೆ ಬೀಳದ ಮೂಲೆಯಲ್ಲಿ ಬಿಳಿ ಬಟ್ಟೆಯಿಂದ ಸ್ವಲ್ಪ ಪಾಲಿಶ್ ತಿಕ್ಕಿ. ಬಟ್ಟೆಗೆ ಕಾರಿನ ಬಣ್ಣ ಬಂದರೆ ಏಕಪದರದ ಬಣ್ಣವೆಂದೇ ಅರ್ಥ. ಮೊದಲ ಸಲ ಬಟ್ಟೆ ನೀಲಿಯಾದದ್ದು ಕಂಡು ನನ್ನ ಎದೆ ಧಸಕ್ಕೆಂದಿತ್ತು. ಗಾಬರಿ ಬೇಡ, ಹೋಗುವುದು ಬಿಸಿಲಿಗೆ ಸುಣ್ಣದಂತಾದ ಮೇಲಿನ ಪದರ. ಆದರೆ ಅಂಚುಗಳಲ್ಲಿ, ಮಡಿಕೆಗಳಲ್ಲಿ ಬಣ್ಣ ತೀರ ತೆಳುವಾಗಿರುತ್ತದೆ, ಅಲ್ಲಿ ಯಂತ್ರ ತಾಗಿಸಬೇಡಿ. ಅಲ್ಲಿಗೆ ಅಂಟುಪಟ್ಟಿ ಹಚ್ಚಿ ಮರೆಮಾಡಿ, ಮಿಕ್ಕ ಕಡೆ ಕೈಯಿಂದ ನವಿರು ಪಾಲಿಶ್ ತಿಕ್ಕಿ.

ಹೀಗೆ ತಿಕ್ಕುವುದು ಹಲವು ವರ್ಷಕ್ಕೊಮ್ಮೆ. ಪ್ರದರ್ಶನಕ್ಕೆ ಮುನ್ನ ಮಾಡಬೇಕಾದದ್ದು ಬೇರೆ. ತೊಳೆದ ಮೇಲೆ ಬೆರಳಿಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿ ಬಾನೆಟ್ ಸವರಿ ನೋಡಿ. ತರಿತರಿ ಎನಿಸಿದರೆ ಜಾರುವ ದ್ರವ ಸಿಂಪಡಿಸಿಕೊಂಡು ಕ್ಲೇ ಬಾರ್ (ಜೇಡಿಯಂತಹ ಮೆತ್ತನೆಯ ಉಂಡೆ) ಎಳೆದು ಕಚ್ಚಿಕೊಂಡ ಕಣಗಳನ್ನು ತೆಗೆಯಿರಿ. ಆಮೇಲೆ ಕಾರ್ನೌಬಾ ಮೇಣ. ಬ್ರೆಜಿಲ್‌ನ ಒಂದು ತಾಳೆಜಾತಿಯ ಮರದ ಎಲೆಯಿಂದ ಬರುವ ಮೇಣ ಇದು. ಹೆಚ್ಚು ದಿನ ಬಾಳುವುದಿಲ್ಲ, ಆದರೆ ಹಳೆಯ ಗಾಢ ಬಣ್ಣಕ್ಕೆ ಅದು ಕೊಡುವ ಬೆಚ್ಚನೆಯ ಆಳ ಬೇರೆ ಲೇಪಗಳಲ್ಲಿ ನನಗೆ ಕಂಡಿಲ್ಲ. ಹಚ್ಚುವುದು ತೀರ ತೆಳುವಾಗಿರಲಿ. ಲಾಂಛನದ ಸಂದುಗಳಲ್ಲಿ ಉಳಿಯುವ ಬಿಳಿ ಪುಡಿಯನ್ನು ಮೃದು ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ, ತೀರ್ಪುಗಾರರ ಕಣ್ಣು ಅಲ್ಲಿಗೇ ಹೋಗುತ್ತದೆ.

ಕ್ರೋಮ್ ಬಂಪರಿನ ತುಕ್ಕಿನ ಚುಕ್ಕೆಗೆ ಅಡುಗೆಯ ಅಲ್ಯುಮಿನಿಯಂ ಹಾಳೆಯನ್ನು ಮುದುರಿ, ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಸಾಕು. ಕ್ರೋಮ್ ಪದರ ಬಲು ತೆಳು, ಪದೇ ಪದೇ ಲೋಹದ ಪಾಲಿಶ್ ಬೇಡ.

ಎಂಜಿನ್ ಕೋಣೆಗೆ ಬ್ರಷ್, ಒದ್ದೆ ಬಟ್ಟೆ, ತಾಳ್ಮೆ ಇಷ್ಟೇ. ಒಮ್ಮೆ ಪ್ರದರ್ಶನದ ಹಿಂದಿನ ಸಂಜೆ ಉತ್ಸಾಹದಲ್ಲಿ ಪೈಪು ಹಿಡಿದೆ. ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದೊಳಗೆ ನೀರು ಸೇರಿತು. ಥಳಥಳಿಸುವ ಎಂಜಿನ್ ಮರುದಿನ ಬೆಳಿಗ್ಗೆ ಕೆಮ್ಮಲೂ ಇಲ್ಲ. ಹೆಂಡತಿಯ ಹೇರ್ ಡ್ರೈಯರ್ ಹಿಡಿದು ಮುಕ್ಕಾಲು ಗಂಟೆ ನಿಂತ ಮೇಲೆ ಹೊರಟೆ.

ಹೊಳಪೇ ಎಲ್ಲವೂ ಅಲ್ಲವೆಂದು ದೊಡ್ಡ ಪ್ರದರ್ಶನಗಳೂ ಒಪ್ಪುತ್ತವೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ 1950ರಿಂದ ನಡೆದುಬಂದಿರುವ ಸ್ಪರ್ಧೆಯಲ್ಲಿ, ಮುನ್ನ ನಡೆಯುವ ರಸ್ತೆ ಸವಾರಿಯನ್ನು ಪೂರೈಸಿದ ಕಾರಿಗೆ ಅಂಕ ಸಮವಾದಾಗ ಆದ್ಯತೆ ಇದೆ. ಮೂಲ ಬಣ್ಣವನ್ನೇ ಉಳಿಸಿಕೊಂಡ ಕಾರುಗಳಿಗೆ ಅಲ್ಲಿ ಪ್ರತ್ಯೇಕ ವಿಭಾಗವೂ ಉಂಟು. ಮಾಸಿದ ಮೂಲ ಬಣ್ಣವನ್ನು ಕೆರೆದು ಹೊಸದು ಬಳಿಸುವ ಮುನ್ನ ಎರಡು ರಾತ್ರಿ ಯೋಚಿಸಿ.

ಪ್ರದರ್ಶನದ ದಿನ ಮಧ್ಯಾಹ್ನದೊಳಗೆ ಬಾನೆಟ್ಟಿನ ತುಂಬ ಮಕ್ಕಳ ಬೆರಳಚ್ಚು, ಮೇಲೆ ಮೈದಾನದ ಧೂಳು. ಒಣಬಟ್ಟೆಗೆ ಕೈ ತುಡಿಯುವುದು ಆಗಲೇ. ಡಿಕ್ಕಿಯಲ್ಲಿ ಜಾರುವ ದ್ರವ ತುಂಬಿದ ಸಿಂಪಡಿಸುವ ಬಾಟಲಿಯನ್ನೂ ಒಗೆದ ಆರು ಟವೆಲುಗಳನ್ನೂ ಇಟ್ಟುಕೊಂಡಿರಿ. ಧಾರಾಳವಾಗಿ ಸಿಂಪಡಿಸಿ, ಅರ್ಧ ನಿಮಿಷ ಕಾದು, ತೂಕ ಹಾಕದೆ ಒಂದೇ ಎಳೆತದಲ್ಲಿ ಎತ್ತಿಕೊಂಡು, ಟವೆಲನ್ನು ಮಗುಚಿ ಮುಂದಿನ ಬೆರಳಚ್ಚಿಗೆ ಹೋಗಿ.